ಜೊತೆಗೆ ನಡೆಯಬೇಡಿ

ಅಪ್ಪನ ಹೃದಯದ ಕವಾಟ ಬದಲಿಸಿ 10 ವಾರವಾಗಿತ್ತು. ಪುನಶ್ಚೇತನ ತರಬೇತಿಯಲ್ಲಿ ಅಂದು 6 ನಿಮಿಷದ ನಡಿಗೆ ಪರೀಕ್ಷೆ. 30 ಮೀಟರಿನ ಕಾರಿಡಾರಿನಲ್ಲಿ ತಮ್ಮದೇ ವೇಗದಲ್ಲಿ ಅತ್ತಿತ್ತ ನಡೆಯಬೇಕು, ಸುಸ್ತಾದರೆ ನಿಲ್ಲಬಹುದು. ನಾನು ರೂಢಿಯಂತೆ ಅಪ್ಪನ ತೋಳು ಹಿಡಿದೆ. "ಜೊತೆಗೆ ನಡೆಯಬೇಡಿ" ಎಂದರು ಫಿಸಿಯೋಥೆರಪಿಸ್ಟ್. ಪರೀಕ್ಷೆಯ ನಿಯಮವೇ ಅದು. ಪಕ್ಕದಲ್ಲಿ ಯಾರಾದರೂ ನಡೆದರೆ ರೋಗಿಯ ವೇಗ ಅವನದಾಗಿ ಉಳಿಯುವುದಿಲ್ಲ.

ಆ ಮಾತು ನನ್ನ ಹಿಂದೆಯೇ ಮನೆಗೂ ಬಂತು. ಅಪ್ಪನಿಗೆ ಈಗ 74. ಅವರಿಗೆ ಬೇಕಾಗಿದ್ದುದು ಒಂದೇ, ಫೋರ್ಟಿನಲ್ಲಿ ಒಬ್ಬರೇ ಓಡಾಡುವುದು. 14ನೇ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಅಲ್ಲಿನ ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ನಾನು ಬೇಡವೆಂದಿದ್ದೆ.

ನನ್ನ ಭಯ ಸುಳ್ಳಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಬಿದ್ದು ತಲೆಗೆ ಪೆಟ್ಟಾದರೆ ಜೀವಕ್ಕೇ ಅಪಾಯ. ಆದರೆ ಕೂತೇ ಇದ್ದರೂ ಅಪಾಯ ತಪ್ಪದು. ಹೊಸ ಕವಾಟ ರಕ್ತಕ್ಕೆ ದಾರಿ ಬಿಡುತ್ತದೆ, ಕಾಲಿಗೆ ಬಲ ತುಂಬುವುದಿಲ್ಲ. ವಯಸ್ಸಾದವರ ಸ್ನಾಯು ಹಾಸಿಗೆಯಲ್ಲಿ ಬೇಗ ಕರಗುತ್ತದೆ. ಡಾಕ್ಟರು ನಡಿಗೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ ಎಂದು ಬರೆದುಕೊಟ್ಟರೆ, ನಾವು ಪ್ರೀತಿಯಿಂದ ಕುರ್ಚಿ ತಂದುಕೊಡುತ್ತೇವೆ.

ನಮ್ಮ ಪ್ರಾಜೆಕ್ಟುಗಳಲ್ಲಿ ಪ್ರತಿ ಅಪಾಯದ ಎದುರು ಅದರ ಹೊಣೆಗಾರನ ಹೆಸರು ಬರೆಯುತ್ತೇವೆ. ಅಪ್ಪನ ಬಿ.ಪಿ., ಮಾತ್ರೆ, ಹೆಜ್ಜೆಗಳ ಲೆಕ್ಕವಿಟ್ಟ ಎಕ್ಸೆಲ್ ಹಾಳೆಯಲ್ಲೂ ಆ ಕಾಲಂ ಇತ್ತು. ಎಲ್ಲ ಸಾಲಿನಲ್ಲೂ ನನ್ನದೇ ಹೆಸರು. ಅದನ್ನೇ ಮಗನ ಕರ್ತವ್ಯ ಎಂದುಕೊಂಡಿದ್ದೆ. ಅವರು ಬಿದ್ದರೆ ನೋವು ನನಗೂ ಇದೆ, ನಿಜ. ಅದರಿಂದ ನನಗೆ ಮಾತಾಡುವ ಹಕ್ಕು ಬರುತ್ತದೆ. ತೀರ್ಮಾನಿಸುವ ಹಕ್ಕೂ ಬರುತ್ತದೆಯೇ? ಬುದ್ಧಿ ನೆಟ್ಟಗಿರುವ ಮನುಷ್ಯನಿಗೆ ತನ್ನ ಹೃದಯವನ್ನು ಎಲ್ಲಿಗೆ ಒಯ್ಯಬೇಕೆಂದು ಹೇಳುವ ಅಧಿಕಾರವೂ ಇಲ್ಲದಿದ್ದರೆ, ಆಪರೇಷನ್ ಮಾಡಿಸಿ ನಾವು ಉಳಿಸಿಕೊಂಡದ್ದು ಏನನ್ನು?

ಡಾಕ್ಟರನ್ನು ಕೇಳಿ, ಇಬ್ಬರೂ ಕೂತು ಕರಾರು ಮಾಡಿಕೊಂಡೆವು. ಜೇಬಿನಲ್ಲಿ ಫೋನು ಮತ್ತು ಮಾತ್ರೆಗಳ ಹೆಸರಿರುವ ಚೀಟಿ. ಮಾತಾಡಲಾಗದಷ್ಟು ಏದುಸಿರು ಬಂದರೆ ನಿಲ್ಲುವುದು.

ಕಳೆದ ಭಾನುವಾರ ನಾನು ಹಾರ್ನಿಮನ್ ಸರ್ಕಲ್ ತೋಟದ ಬೆಂಚಿನಲ್ಲಿ ಕೂತೆ. ಅಪ್ಪ ಒಬ್ಬರೇ ಹೋದರು. ಅರ್ಧ ಗಂಟೆ ಎಂದವರು ಮುಕ್ಕಾಲು ಗಂಟೆಗೆ ಬಂದರು. ಮೂರು ಸಲ ಫೋನು ಕೈಗೆತ್ತಿಕೊಂಡೆ, ಮಾಡಲಿಲ್ಲ. ಏಷಿಯಾಟಿಕ್ ಲೈಬ್ರರಿಯ 30 ಮೆಟ್ಟಿಲುಗಳಲ್ಲಿ 12 ಹತ್ತಿ, ಕೂತು ಸುಧಾರಿಸಿಕೊಂಡು ಇಳಿದರಂತೆ.

ಎಕ್ಸೆಲ್ ಹಾಳೆಯಲ್ಲಿ ಹೆಸರು ತಿದ್ದುವುದು ಸುಲಭವಾಗಿತ್ತು. ಬೆಂಚಿನ ಮೇಲೆ ಕೂತಿರುವುದನ್ನು ಇನ್ನೂ ಕಲಿಯುತ್ತಿದ್ದೇನೆ.