ಮೊದಲ ಮೀನು

ಕೆರೆಗೆ ಇಳಿಯುವಾಗ ಅಪ್ಪ ಚಪ್ಪಲಿಯನ್ನು ಏರಿಯ ಮೇಲೆಯೇ ಬಿಡುತ್ತಿದ್ದ. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು ‘ಗಂಗಮ್ಮ ತಾಯಿ’ ಎಂದು ಬಲೆಯನ್ನು ಹೆಗಲಿಗೇರಿಸುತ್ತಿದ್ದ. ಮೊದಲ ಬೀಸಿಗೆ ಬಿದ್ದ ಮೀನುಗಳಲ್ಲಿ ಒಂದನ್ನು ಮತ್ತೆ ನೀರಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಬಿಡುತ್ತಿದ್ದದ್ದು ಪುಡಿಮೀನನ್ನಲ್ಲ, ಮಾರಿದರೆ ಒಳ್ಳೆ ದುಡ್ಡು ಬರುವಂಥದ್ದನ್ನೇ. ಅದು ಗಂಗಮ್ಮನ ಪಾಲು. ಉಳಿದದ್ದು ನಮ್ಮ ಪಾಲು.

ನಾವು ಬೀರೂರಿನ ಬೆಸ್ತರು. ನಡುಮನೆಯ ಗೋಡೆಯಲ್ಲಿ ಇವತ್ತಿಗೂ ಅಂಬಿಗರ ಚೌಡಯ್ಯನವರ ಪಟವಿದೆ. ಅಪ್ಪ ಬಲೆ ಬೀಸಿಯೇ ನಮ್ಮನ್ನು ಓದಿಸಿದ. ನಾನು ರೈಲ್ವೆ ಸೇರಿ, ಬೀರೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದೆ. ಮಗ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದಾನೆ. ಬಲೆ ನಮ್ಮ ಕೈಬಿಟ್ಟು ಬಹಳ ವರ್ಷವಾಯಿತು. ಆದರೆ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಒಂದು ದಿನ ಕೇಳಿದ ಮಾತು ಕೈಬಿಟ್ಟಿಲ್ಲ: ‘ನಿಮ್ಮಪ್ಪ ದಿನಾ ಎಷ್ಟು ಜೀವ ತೆಗೀತಾನೆ?’ ಅವನು ನೋಯಿಸಬೇಕೆಂದು ಕೇಳಿರಲಿಲ್ಲ, ಲೆಕ್ಕ ಕೇಳಿದ್ದ ಅಷ್ಟೆ. ನನಗೆ ಉತ್ತರ ಬರಲಿಲ್ಲ.

ಹೋದ ವರ್ಷ ಜೂನಿನಲ್ಲಿ ಮಗನ ಮನೆಗೆ ಹೋಗಿದ್ದಾಗ ಆ ಪ್ರಶ್ನೆ ಇನ್ನೊಂದು ಮುಖ ತೋರಿಸಿತು. ಪಕ್ಕದ ಮನೆಯವರು ಬಸ್ ಓಡಿಸಿ ನಿವೃತ್ತರಾದ ಹಿರಿಯರು. ನಾನು ಮೀನು ಹಿಡಿಯುವವರ ಮನೆಯವನೆಂದು ಮಗನಿಂದ ತಿಳಿದು, ಒಂದು ಭಾನುವಾರ ತಮ್ಮ ಸಂಘದ ಗಾಳದ ಪಂದ್ಯಕ್ಕೆ ಕರೆದುಕೊಂಡು ಹೋದರು. ವಾರ್ವಿಕ್‌ಷೈರಿನ ಹೊಲಗಳ ನಡುವೆ ತೋಡಿಸಿದ ಕೆರೆ ಅದು. ನಮ್ಮ ಮದಗದ ಕೆರೆಯ ಒಂದು ಮೂಲೆಗೂ ಸಾಲದು. ದುಡ್ಡು ಕೊಟ್ಟು ಬಂದವರು ಗಾಳ ಹಾಕಲೆಂದೇ ಮಾಡಿ, ಗೆಂಡೆಮೀನು ತಂದು ತುಂಬಿದ್ದು. ದಡದುದ್ದಕ್ಕೂ ನಂಬರು ಹಚ್ಚಿದ ಮರದ ಕಟ್ಟೆಗಳು. ಬೆಳಿಗ್ಗೆ ಚೀಟಿ ಎತ್ತಿದರು. ಯಾರಿಗೆ ಯಾವ ನಂಬರು ಬಂತೋ ಅವರು ದಿನವಿಡೀ ಅಲ್ಲೇ ಕೂರಬೇಕು. ಹತ್ತು ಗಂಟೆಗೆ ಸೀಟಿ ಊದಿದರೆ ಶುರು, ಮೂರಕ್ಕೆ ಇನ್ನೊಂದು ಸೀಟಿಗೆ ಮುಕ್ತಾಯ.

ಅವರ ಕೈಕೆಲಸ ನೋಡಿ ನಾನು ಬೆರಗಾದೆ. ತುಂಡು ತುಂಡಾಗಿ ಜೋಡಿಸುವ ಹದಿಮೂರು ಮೀಟರಿನ ಕಾರ್ಬನ್ ಕೋಲು. ಅದರ ತುದಿಯೊಳಗೆ ಹಿಗ್ಗುವ ರಬ್ಬರ್ ಎಳೆ, ಮೀನು ಜಗ್ಗಿದರೆ ದಾರ ಕಡಿಯಬಾರದೆಂದು. ಎರೆಹುಳುವಿನ ಬದಲು ನಮ್ಮ ಮೆಂತ್ಯಕ್ಕಿಂತ ತುಸು ದಪ್ಪನೆಯ ಮೇವಿನ ಗುಳಿಗೆ. ಕೊಕ್ಕೆಗೆ ಹಿಮ್ಮುಳ್ಳು ಇರಬಾರದೆಂಬ ಕಟ್ಟುನಿಟ್ಟು. ಹಿಡಿದದ್ದನ್ನು ನೀರಲ್ಲೇ ಮುಳುಗಿಸಿಟ್ಟ ಉದ್ದನೆಯ ಬಲೆಚೀಲಕ್ಕೆ ಬಿಡುತ್ತಾರೆ. ಸಂಜೆ ತೂಕ, ಹೆಚ್ಚು ತೂಕದವರಿಗೆ ಎಲ್ಲರೂ ಕಟ್ಟಿದ ದುಡ್ಡಿನಲ್ಲಿ ಬಹುಮಾನ. ಆಮೇಲೆ ಎಲ್ಲ ಮೀನೂ ಅದೇ ನೀರಿಗೆ.

‘ತಿನ್ನೋದಿಲ್ಲವೇ?’ ಎಂದು ಕೇಳಿದೆ. ಅವರ ಮುಖದಲ್ಲಿ ನಿಜವಾದ ಗಾಬರಿ ಕಂಡಿತು. ಆಗ ತಾನೇ ಎತ್ತಿದ ಗೆಂಡೆಯ ಬೆನ್ನ ಮೇಲಿದ್ದ ದೊಡ್ಡ ಹುರುಪೆಗಳ ಸಾಲನ್ನು ತೋರಿಸಿ, ಇದು ನನಗೆ ಗೊತ್ತಿರುವ ಮೀನು, ಎರಡು ವರ್ಷದ ಹಿಂದೆಯೂ ಸಿಕ್ಕಿತ್ತು ಎಂದರು. ಕೈ ಒದ್ದೆ ಮಾಡಿಕೊಂಡೇ ಅದನ್ನು ಮುಟ್ಟಿದ್ದರು. ತುಟಿಯಿಂದ ಕೊಕ್ಕೆ ತೆಗೆದು, ಚಿಕ್ಕ ಶೀಶೆಯಿಂದ ಗಾಯಕ್ಕೆ ಔಷಧಿಯ ಹನಿ ಬಿಟ್ಟರು.

ಆ ಮೀನು ನನಗೂ ಗೊತ್ತಿತ್ತು. ನಮ್ಮ ಕೆರೆಗಳಲ್ಲಿರುವ ಸಾಮಾನ್ಯ ಗೆಂಡೆಯೇ ಅದು. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಒಂದು ತಳಿ, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂತು. ಇಂಗ್ಲಿಷರು ಇಂಥ ಮೀನುಗಳನ್ನು ‘ಕೋರ್ಸ್’ ಎನ್ನುತ್ತಾರೆ, ಒರಟು ಮೀನು ಅಂತ. ಸಾಲ್ಮನ್, ಟ್ರೌಟ್ ದೊರೆಗಳ ಮೀನು, ಮಿಕ್ಕಿದ್ದೆಲ್ಲ ಒರಟು. ನೀರೊಳಗಿನ ಜೀವಕ್ಕೂ ಮೇಲಿನವರು ಜಾತಿ ಹಚ್ಚಿದ್ದಾರಲ್ಲ ಎಂದು ನನಗೆ ಬೇಸರವಾಯಿತು.

ಅಲ್ಲಿ ಕೂತಿದ್ದಾಗ ನನ್ನ ಹತ್ತನೇ ವಯಸ್ಸು ಕಣ್ಣ ಮುಂದೆ ಬಂತು. ಬಿದಿರ ಕಡ್ಡಿ, ನೂಲು, ನವಿಲುಗರಿಯ ದಂಟಿನ ಬೆಂಡು ಕಟ್ಟಿಕೊಂಡು ನಾನೂ ಏರಿಯ ಮೇಲೆ ಕೂರುತ್ತಿದ್ದ ಕಾಲ. ಆ ಶಾಲೆಯ ಹುಡುಗನ ಮಾತು ತಲೆಯಲ್ಲಿತ್ತು. ಹಾಗಾಗಿ ಹಿಡಿದ ಮೀನನ್ನೆಲ್ಲ ಬಿಟ್ಟುಬಿಡುತ್ತಿದ್ದೆ. ನಾನು ಕೊಲ್ಲುವವನಲ್ಲ ಎಂದು ಒಳಗೊಳಗೇ ಹಿಗ್ಗು. ಒಂದು ವಾರ ಕಳೆದಿರಬೇಕು, ಬಲೆ ಎಳೆದ ಅಪ್ಪ ‘ಬಾರ್ಲಾ ಇಲ್ಲಿ’ ಎಂದು ಕರೆದ. ಅವನ ಅಂಗೈಯಲ್ಲಿ ಗೇಣುದ್ದದ ರೋಹು. ಮೈಯೆಲ್ಲ ಬತ್ತಿ ತಲೆಯೇ ದಪ್ಪ ಕಾಣುತ್ತಿತ್ತು. ಮೇಲ್ದುಟಿ ಸೀಳಿ, ಸೀಳಿದ ಕಡೆ ಬಿಳೀ ಹತ್ತಿಯಂಥ ಬೂಷ್ಟು ಬೆಳೆದಿತ್ತು. ‘ಬಾಯಿ ನೋಡು’ ಎಂದ. ನೋಡಿದೆ. ‘ಹಿಡಿದ್ರೆ ತಿನ್ನು, ಇಲ್ಲಾಂದ್ರೆ ಹಿಡೀಬ್ಯಾಡ ಮಗಾ. ಆಡಿಸಬ್ಯಾಡ.’ ಅದು ನನ್ನ ಕೊಕ್ಕೆಗೇ ಸಿಕ್ಕಿದ್ದ ಮೀನೋ ಅಲ್ಲವೋ ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ. ಗಾಳವನ್ನು ಮತ್ತೆ ಮುಟ್ಟಲಿಲ್ಲ.

ಮೀನಿಗೆ ನೋವು ಆಗುತ್ತದೆಯೇ ಎಂಬುದು ದೊಡ್ಡವರಿಗೂ ಬಗೆಹರಿಯದ ಜಗಳ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಪೆಟ್ಟು, ಉರಿ ಗ್ರಹಿಸುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಜೇನಿನ ವಿಷ, ಹುಳಿ ಚುಚ್ಚಿದಾಗ ಮೀನುಗಳು ಮೇವು ಬಿಟ್ಟವು. ಕೆಲವು ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿಕೊಂಡವು. ಅದು ನಮ್ಮ ನೋವಿನಂಥದ್ದಲ್ಲ ಎನ್ನುವ ಪಂಡಿತರು ಇನ್ನೂ ಇದ್ದಾರೆ. ಆ ಬೂಷ್ಟು ಹಿಡಿದ ತುಟಿ ಕಂಡ ನನಗೆ ಅವರ ವಾದ ಒಪ್ಪಿಗೆಯಾಗುವುದಿಲ್ಲ. ಸ್ವಿಟ್ಜರ್‌ಲೆಂಡಿನವರಂತೂ, ಬಿಡುವುದಕ್ಕೆಂದೇ ಹಿಡಿಯುವುದನ್ನು ಕಾನೂನಿನಲ್ಲೇ ತಡೆದಿದ್ದಾರೆ.

ಕೊಂದು ತಿನ್ನುವುದು ಹೆಚ್ಚಿನ ಹಿಂಸೆಯೋ, ಕೊಲ್ಲದೆ ಆಡಿಸುವುದೋ? ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ಮಿಥಿಲೆಯ ಮಾಂಸದಂಗಡಿಯವನ ಹತ್ತಿರ ಕೌಶಿಕನೆಂಬ ಬ್ರಾಹ್ಮಣ ಧರ್ಮ ಕೇಳಲು ಹೋಗುತ್ತಾನೆ. ನೇಗಿಲು ಹೂಡಿದರೂ ಮಣ್ಣಿನೊಳಗಿನ ಎಷ್ಟೋ ಜೀವ ಸಾಯುತ್ತವೆ, ನಡೆದರೂ ಸಾಯುತ್ತವೆ, ಹಿಂಸೆ ತಾಕದ ಬದುಕು ಯಾರದು ಎಂದು ವ್ಯಾಧ ಕೇಳುತ್ತಾನೆ. ನನ್ನಂಥ ಮನೆಯಲ್ಲಿ ಹುಟ್ಟಿದವನಿಗೆ ಆ ಕಥೆ ದೊಡ್ಡ ಆಸರೆ. ಆದರೂ ಅದನ್ನು ನೆಪ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಎಲ್ಲರೂ ಕೊಲ್ಲುತ್ತಾರೆ ಎಂದರೆ ನಾನು ಕೊಂದದ್ದರ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ಕಡೆಯ ಕಥೆಯನ್ನೂ ನಾನು ಮುಚ್ಚಿಡಬಾರದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಸಣ್ಣವು ಪಂಚಾಯಿತಿಗೆ ಸೇರಿದವು. ಕಾಟ್ಲಾ, ರೋಹು, ಮೃಗಾಲ್ ನಮ್ಮ ನೀರಿನ ಮೀನುಗಳಲ್ಲ, ಗಂಗಾ ಸೀಮೆಯವು. ನಿಂತ ನೀರಿನಲ್ಲಿ ಅವು ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒರಿಸ್ಸಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆಯಿಡಿಸಿದ ಮೇಲೆಯೇ ದೇಶದ ಕೆರೆಗಳಿಗೆಲ್ಲ ಮರಿ ಸಿಗುವ ದಾರಿಯಾಯಿತು. ನಮಗೆ ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನಿಂದ ಮೀನುಮರಿ ಬರುತ್ತಿತ್ತು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ತಂದ ಕೂಡಲೇ ಸುರಿಯುವಂತಿಲ್ಲ. ಕಟ್ಟಿದ ಚೀಲವನ್ನು ಹಾಗೇ ಕೆರೆಯ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಅಪ್ಪ ಸೊಂಟದ ಮಟ್ಟದ ನೀರಲ್ಲಿ ನಿಂತು ಆ ಚೀಲಗಳನ್ನು ಕೂಸಿನಂತೆ ಹಿಡಿದಿರುತ್ತಿದ್ದ. ಅದೇ ಅಪ್ಪ, ಬೇಸಿಗೆಯಲ್ಲಿ ನೀರಿಳಿದಾಗ ಗುತ್ತಿಗೆದಾರನ ಆಳುಗಳ ಜೊತೆ ಅಳಿದುಳಿದದ್ದನ್ನೆಲ್ಲ ಗೋರಿ ಏರಿಯ ಮೇಲೆ ರಾಶಿ ಹಾಕುತ್ತಿದ್ದ. ಮೇಲಿನವು ಕಿವಿರು ತೆರೆದು ಮುಚ್ಚುತ್ತಾ ಬಹಳ ಹೊತ್ತು ಬಾಯಿ ಬಿಡುತ್ತಿದ್ದವು. ಲಾರಿ ಬರುವ ಗಡಿಬಿಡಿಯಲ್ಲಿ ಒಬ್ಬರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಹೊಟ್ಟೆಗೆ ಸಾಕು ಎಂಬುದು ಇರುತ್ತದೆ, ಲಾರಿಗೆ ಇರುವುದಿಲ್ಲ.

ಹಾಗಾದರೆ ದಯೆ ಯಾರದು? ರಾಶಿಯನ್ನು ನೋಡದ ನಮ್ಮದೋ, ಒಂದೊಂದು ಮೀನಿನ ಗುರುತು ಹಿಡಿದು ತುಟಿಗೆ ಔಷಧಿ ಹಾಕುವ ಆ ಹಿರಿಯರದೋ? ಅವರ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ನಮ್ಮಲ್ಲೂ ಅಂಥವರಿದ್ದಾರೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳದ ಹುಚ್ಚಿತ್ತು, ಮೀನಿನ ಬಗ್ಗೆ ಅವರಿಗಿದ್ದಷ್ಟು ತಿಳಿವಳಿಕೆ ಎಷ್ಟೋ ಜನ ದಯಾಳುಗಳಿಗಿಲ್ಲ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯ ಕ್ಯಾಂಪುಗಳಲ್ಲಿ ಮಹಶೀರ್ ಹಿಡಿದು ಬಿಡುತ್ತಿದ್ದವರು ಮೀನಿಗೆ ಸಿಡಿಮದ್ದು ಹಾಕುವವರಿಂದ ಹೊಳೆ ಕಾದರು. ವನ್ಯಧಾಮದೊಳಗೆ ಗಾಳವೂ ಬೇಟೆಯೇ ಎಂಬ ಕಾರಣಕ್ಕೆ 2012ರ ಹೊತ್ತಿಗೆ ಅದು ನಿಂತಾಗ, ಇನ್ನು ಹೊಳೆ ಕಾಯುವವರು ಯಾರು ಎಂದು ಅವರು ಕೇಳಿದರು. ಆ ಮಹಶೀರ್ ಈಗ ಅಳಿವಿನ ಅಂಚಿನ ಜೀವಿ. ಅವರ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ. ಆಟಕ್ಕಾಗಿ ಹಿಡಿದವರೇ ಮೀನನ್ನು ಉಳಿಸಿದ್ದೂ ನಿಜ.

ಅಪ್ಪ ಒಮ್ಮೆ ನಮ್ಮನ್ನು ಶೃಂಗೇರಿಗೆ ಕರೆದೊಯ್ದಿದ್ದ. ತುಂಗೆಯ ಮೆಟ್ಟಿಲ ಬಳಿ ಮೊಳದುದ್ದದ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಮೈಮೇಲೆ ಮೈ ಹಾಕಿ ಮುಗಿಬೀಳುತ್ತಿದ್ದವು. ಅಪ್ಪನ ಕಣ್ಣು ಅಭ್ಯಾಸದಂತೆ ತೂಕ ಅಳೆದದ್ದನ್ನು ನಾನು ಕಂಡೆ. ಆಮೇಲೆ ಅವನು ಕೈ ಮುಗಿದ. ‘ಇವು ಶಾರದಮ್ಮನ ಮನೆಯವು ಕಣ್ಲಾ’ ಎಂದ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಮುಂದೆ ಹೋದರೆ, ಅಲ್ಲಿಯ ಮೀನು ಸಂತೆಗೆ ಬರುತ್ತದೆ. ಅಪ್ಪನಿಗೆ ಅದು ಗೊಂದಲವೆನಿಸಲಿಲ್ಲ. ನೀರಿನಲ್ಲಿ ನನಗೆ ಸೇರದ ಪಾಲೊಂದು ಇದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು.

ಮೊದಲ ಮೀನಿನ ಅರ್ಥ ನನಗೆ ಹೊಳೆದದ್ದು ಆ ವಾರ್ವಿಕ್‌ಷೈರಿನ ದಡದಲ್ಲಿ. ಪಂದ್ಯದವರು ಮೀನನ್ನು ಬಿಡುವುದು ಎಲ್ಲ ಮುಗಿದ ಮೇಲೆ. ಜಗ್ಗಿದ ಸುಖ, ತೂಕದ ಹೆಮ್ಮೆ, ಬಹುಮಾನ, ಇಷ್ಟೂ ಪಡೆದಾದ ಮೇಲೆ ಉಳಿದದ್ದನ್ನು ನೀರಿಗೆ ಹಿಂದಿರುಗಿಸುತ್ತಾರೆ. ಅಪ್ಪ ಬಿಡುತ್ತಿದ್ದದ್ದು ಏನನ್ನೂ ಪಡೆಯುವ ಮೊದಲು, ಬುಟ್ಟಿ ಬರಿದಾಗಿದ್ದಾಗ, ಇವತ್ತು ಇನ್ನೊಂದು ಸಿಗುತ್ತದೋ ಇಲ್ಲವೋ ತಿಳಿಯದೆ ಇದ್ದಾಗ. ಆ ಒಂದು ಮೀನನ್ನು ಮಾತ್ರ ಅವನು ಎರಡೂ ಕೈಯಲ್ಲಿ ಹಿಡಿದು, ಮುಖ ನೋಡಿ ಬಿಡುತ್ತಿದ್ದ. ಉಳಿದವೂ ಇಂಥವೇ ಜೀವಗಳೆಂದು ದಿನಕ್ಕೊಮ್ಮೆಯಾದರೂ ಅವನ ಕೈಗೆ ನೆನಪಾಗುತ್ತಿತ್ತು. ಮನುವಿನ ಬೊಗಸೆಗೆ ಬಂದ ಮರಿಮೀನಿನ ಕಥೆಯೂ ಹೀಗೆಯೇ ಅಲ್ಲವೇ? ಕೈತೊಳೆಯುವ ನೀರಲ್ಲಿ ಬಂದು, ದೊಡ್ಡ ಮೀನುಗಳಿಂದ ಕಾಪಾಡು ಎಂದಿತು. ಅವನು ಗಡಿಗೆಯಲ್ಲಿ, ಆಮೇಲೆ ಹೊಂಡದಲ್ಲಿ, ಕೊನೆಗೆ ಕಡಲಲ್ಲಿ ಬಿಟ್ಟ. ಮುಂದೆ ಪ್ರಳಯದಲ್ಲಿ ಅವನ ದೋಣಿಯನ್ನು ಎಳೆದದ್ದು ಅದೇ ಮೀನು.

ತಿನ್ನುವವನ ಮೇಲೆ ಋಣವಿದೆ, ಅದು ಅವನ ಮೈಯಲ್ಲೇ ಇರುವುದರಿಂದ ಮರೆಯುವುದು ಕಷ್ಟ. ಆಡಿಸಿದವನ ಮೇಲೂ ಋಣವಿದೆ, ಬಿಟ್ಟ ಗಳಿಗೆಯಲ್ಲೇ ತೀರಿತು ಎಂದು ಅವನಿಗೆ ಅನ್ನಿಸುತ್ತದೆ. ನನಗೆ ಅಂಜಿಕೆಯಾಗುವುದು ಆ ತೀರಿತು ಎಂಬ ಭಾವನೆಯ ಬಗ್ಗೆ. ಏರಿಯ ಮೇಲಿನ ರಾಶಿಗೆ ಬೆನ್ನು ಹಾಕಿ ನಿಂತವರ ಬಗ್ಗೆಯೂ ಅಷ್ಟೇ ಅಂಜಿಕೆ, ಅವರಲ್ಲಿ ನಾನೂ ಒಬ್ಬ.

ಮೂರು ಗಂಟೆಗೆ ಸೀಟಿ ಊದಿತು. ತಕ್ಕಡಿ ಹಿಡಿದು ಬಂದವರು ಒಬ್ಬೊಬ್ಬರ ಚೀಲವನ್ನೂ ಎತ್ತಿ ತೂಗಿ ಬರೆದುಕೊಂಡರು. ನಮ್ಮ ಹಿರಿಯರಿಗೆ ಮೂರನೆಯ ಜಾಗ. ಅವರು ಕೊನೆಯ ಮೀನನ್ನು ಬಿಡುವ ಮೊದಲು ನನ್ನ ಕಡೆ ತಿರುಗಿ, ನೀವು ಬಿಡಿ ಎಂದು ಸನ್ನೆ ಮಾಡಿದರು. ನಾನು ಬೂಟು ಬಿಚ್ಚಿ ಹುಲ್ಲಿನ ಮೇಲಿಟ್ಟೆ. ಅವರು ಅಚ್ಚರಿಯಿಂದ ನೋಡಿದರೂ ಏನೂ ಕೇಳಲಿಲ್ಲ. ಮೊಣಕಾಲೂರಿ ಕೈ ಒದ್ದೆ ಮಾಡಿಕೊಂಡು ಮೀನನ್ನು ತೆಗೆದುಕೊಂಡೆ. ನಾಲ್ಕೈದು ಕಿಲೋ ಇದ್ದಿರಬೇಕು. ತುಟಿಯಲ್ಲಿ ಸಾಸಿವೆಯಷ್ಟು ರಂಧ್ರ, ಅದರ ಪಕ್ಕದಲ್ಲಿ ಮಾಗಿದ ಹಳೆಯ ಗುರುತು ಇನ್ನೊಂದು. ನೀರೊಳಗೆ ಇಳಿಸಿದೆ. ಅದು ಕೂಡಲೇ ಹೋಗಲಿಲ್ಲ. ಕಿವಿರು ಆಡಿಸುತ್ತಾ ನನ್ನ ಎರಡು ಅಂಗೈಗಳ ನಡುವೆ ನಿಂತಿತ್ತು. ‘ಗಂಗಮ್ಮ ತಾಯಿ’ ಎಂದೆ, ಬಹಳ ವರ್ಷಗಳ ಮೇಲೆ. ಬಾಲ ಒಮ್ಮೆ ನನ್ನ ಮಣಿಕಟ್ಟಿಗೆ ಬಡಿಯಿತು, ಅಂಗಿಯ ತೋಳೆಲ್ಲ ಒದ್ದೆಯಾಯಿತು.