ದಾನ ಹಿಡಿದವರ ಮೈ

ದಾನ ಕೊಡುವವನನ್ನು ನಮ್ಮ ಶಾಸ್ತ್ರಗಳು ಎಷ್ಟು ಹೊಗಳುತ್ತವೋ, ದಾನ ಹಿಡಿಯುವವನನ್ನು ಅಷ್ಟೇ ಎಚ್ಚರಿಸುತ್ತವೆ. ಪ್ರತಿಗ್ರಹದಿಂದ ಬ್ರಾಹ್ಮಣನ ತೇಜಸ್ಸು ಕುಂದುತ್ತದೆ, ಹಿಡಿಯುವ ಯೋಗ್ಯತೆ ಇದ್ದರೂ ಹಿಡಿಯದಿರುವುದು ಲೇಸು ಎಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಶನಿಕಾಟ ಕಳೆಯಲೆಂದು ಎಳ್ಳು, ಎಣ್ಣೆ, ಕಬ್ಬಿಣ ಕೊಡುವವರು ಬೇಕಾದಷ್ಟು ಮಂದಿ; ಹಿಡಿಯುವವರನ್ನು ಹುಡುಕಿಕೊಂಡು ಹೋಗಬೇಕು. ಕೊಟ್ಟವನ ಪೀಡೆ ವಸ್ತುವಿನ ಜೊತೆ ದಾಟಿ ಬರುತ್ತದೆ, ಹಿಡಿದವನು ಜಪತಪ ಮಾಡಿ ಅದನ್ನು ಜೀರ್ಣಿಸಿಕೊಳ್ಳಬೇಕು ಎಂಬ ನಂಬಿಕೆ. ಉತ್ತರ ಪ್ರದೇಶದ ಪಹನ್ಸು ಎಂಬ ಹಳ್ಳಿಯಲ್ಲಿ ಕಂಡ ಇಂಥ ದಾನಗಳ ಬಗ್ಗೆ ಮಾನವಶಾಸ್ತ್ರಜ್ಞೆ ಗ್ಲೋರಿಯಾ ರಹೇಜಾ 1988ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇದನ್ನು ಪಾಠ ಮಾಡುವಾಗ ತರಗತಿಯ ಹುಡುಗರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ಕಸ ಮುಸುರೆ ಮಾಡಿ ನನ್ನನ್ನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಓದಿಸಿದವಳು ನಮ್ಮಮ್ಮ.

ವರಮಹಾಲಕ್ಷ್ಮಿ ಹಬ್ಬದ ಮಾರನೆ ದಿನದಿಂದ ದೀಪಾವಳಿ ಮುಗಿಯುವವರೆಗೆ ರಾಗಿಗುಡ್ಡದ ನಮ್ಮ ಕ್ವಾರ್ಟರ್ಸಿಗೆ ಡಬ್ಬಿಗಳು ಬರುತ್ತಲೇ ಇರುತ್ತವೆ. ಒಬ್ಬಟ್ಟು, ರವೆ ಉಂಡೆ, ಯಾರೋ ಆಫೀಸಿನಲ್ಲಿ ಕೊಟ್ಟ ಸೋನ್ ಪಾಪ್ಡಿ. "ನಮಗೆಲ್ಲಾ ಶುಗರ್ ಕಣಮ್ಮ, ನೀನು ತಗೊಂಡ್ಹೋಗು" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಅಮ್ಮನಿಗೂ ಶುಗರ್ ಇದೆ. ಅವಳು ಯಾವ ಮನೆಯಲ್ಲೂ ಹೇಳಿಲ್ಲ. ಕಾಯಿಲೆಯವಳು ಅಂತ ಗೊತ್ತಾದರೆ ಬೇರೆಯವಳನ್ನು ನೋಡಿಕೊಳ್ಳುತ್ತಾರೆ. ಬೇಡ ಅನ್ನಬಾರದಾ ಅಂತ ಕೇಳಿದರೆ, "ಹಂಗಂದ್ರೆ ಇವಳಿಗೆ ಎಷ್ಟು ಕೊಬ್ಬು ನೋಡು ಅಂತಾರೆ ಕಣೇ."

ಅಮ್ಮ ದಪ್ಪಗಿದ್ದಾಳೆ. ಆಪರೇಷನ್ ಆದ ಮೇಲೆ ಮೈ ಬಂತು ಅನ್ನುವುದು ಅವಳ ವಾದ. ಪಕ್ಕದ ಮನೆಯಾಕೆ ತನಗೆ ಥೈರಾಯ್ಡು ಅನ್ನುತ್ತಾಳೆ, ಎದುರಿನವಳು ಇದು ಮಾಂಸವೇ ಅಲ್ಲ, ಬರೀ ಗಾಳಿ ಅನ್ನುತ್ತಾಳೆ. ಕಾವೇರಿ ನೀರು ಹಿಡಿಯಲು ನಸುಕಿನಲ್ಲೇ ಎದ್ದ ಹೆಂಗಸರು ಇವರೆಲ್ಲ. ಹೊಟ್ಟೆಗೆ ಏನೂ ಇಲ್ಲದೆ ಕೆಲಸಕ್ಕೆ ಹೋಗುತ್ತಾರೆ. ನೀರು ಕುಡಿಯುವುದಿಲ್ಲ, ಯಾಕೆಂದರೆ ತಾವೇ ತೊಳೆಯುವ ಬಚ್ಚಲುಮನೆಯನ್ನು ಬಳಸುವ ಹಾಗಿಲ್ಲ. ಮನೆಗೊಂದು ಲೋಟ ಸಕ್ಕರೆ ಚಹಾ ಮಾತ್ರ ಸಿಗುತ್ತದೆ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ತಟ್ಟೆ ತುಂಬ ಅನ್ನ, ಮೇಲೆ ತಿಳಿ ಸಾರು. ಪಾವಗಡದಲ್ಲಿದ್ದಾಗ ಮುದ್ದೆ, ಸೊಪ್ಪು, ಅವರೆಕಾಳು ಇತ್ತಂತೆ, ಮಳೆಯಾದ ವರ್ಷ. 2013ರಲ್ಲಿ ಅನ್ನಭಾಗ್ಯ ಬಂದಾಗ ಒಂದು ರೂಪಾಯಿಗೆ ಒಂದು ಕಿಲೋ ಅಕ್ಕಿ. ಆ ಅಕ್ಕಿಯನ್ನು ನಾನು ಹಳಿಯುವುದಿಲ್ಲ. ಹಸಿವು ಕಂಡ ಯಾರೂ ಹಳಿಯಲಾರರು. ಬೇಳೆಯ ಕಥೆ ಬೇರೆ. ರಾತ್ರಿ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದು ಅವಳ ಪಾಲು. ಅನ್ನ ದೇವರು, ಚೆಲ್ಲಬಾರದು.

ಇಂಥವಳಿಗೆ ಡಾಕ್ಟರು ಹೇಳಿದ್ದು: ಊಟ ಕಮ್ಮಿ ಮಾಡಿ, ವಾಕಿಂಗ್ ಮಾಡಿ. ಅಮ್ಮ ಎರಡು ದಿನ ನಕ್ಕಳು.

ಗೀತೆಯ ಆರನೆಯ ಅಧ್ಯಾಯವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ. ಅಮ್ಮ ಒಂದೇ ದಿನದಲ್ಲಿ ಎರಡೂ ಆಗಿರುತ್ತಾಳೆ. ಮಿತಾಹಾರ ಎನ್ನಬೇಕಾದರೆ ಮುಂದೆ ಆಯ್ಕೆಗಳಿರಬೇಕು, ಹೊತ್ತು ನಮ್ಮ ಕೈಯಲ್ಲಿರಬೇಕು. ಅವೆರಡೂ ಇಲ್ಲದವಳ ಮೈ ನೋಡಿ ನಾಲಿಗೆಯ ಚಪಲ ಎನ್ನುವುದು ಸುಲಭದ ನೀತಿ. ದೇಹದ ಲೆಕ್ಕವೂ ಅಷ್ಟು ನೇರವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿಟ್ಟಿದ್ದರು. ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. 1996ರಲ್ಲಿ ಅದು ಪ್ರಕಟವಾಯಿತು. ಗರ್ಭದಲ್ಲಿ ಕೊರತೆ ಕಂಡ ದೇಹ ಮುಂದೆ ಸಿಕ್ಕಿದ್ದನ್ನು ಹೊಟ್ಟೆಯ ಸುತ್ತ ಕೊಬ್ಬಾಗಿ ಕೂಡಿಡುತ್ತದೆ ಎಂದು ಅನೇಕ ವೈದ್ಯರು ಭಾವಿಸುತ್ತಾರೆ. ಮಾಡಿದವನೇ ಉಣ್ಣಬೇಕು ಎಂಬುದು ಕರ್ಮಸಿದ್ಧಾಂತ. ಬರಗಾಲದಲ್ಲಿ ಬಸುರಿಯಾಗಿದ್ದ ನನ್ನಜ್ಜಿ ಉಪವಾಸ ಬಿದ್ದದ್ದನ್ನು ಯಾರ ಖಾತೆಗೆ ಬರೆಯುವುದು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಮಂದಿಯ ತೂಕ ಅತಿಯಾಗಿತ್ತು. ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಮ್ಮನ ಮಾತ್ರೆಯ ಪೊಟ್ಟಣದಲ್ಲಿ ಶುಗರಿನದೂ ಇದೆ, ಕಬ್ಬಿಣಾಂಶದ್ದೂ ಇದೆ.

ಕಠೋಪನಿಷತ್ತು ಶುರುವಾಗುವುದೇ ತನಗೆ ಬೇಡವಾದದ್ದನ್ನು ಕೊಡುವ ಇಂಥ ಒಂದು ದಾನದಿಂದ. ವಾಜಶ್ರವಸ ಯಾಗ ಮಾಡಿ ಮುದಿ ಹಸುಗಳನ್ನು, ಇನ್ನು ಹಾಲು ಕೊಡಲಾರದವನ್ನು, ದಾನವಾಗಿ ಅಟ್ಟುತ್ತಿರುತ್ತಾನೆ; ಅದನ್ನು ನೋಡಿ ಮಗ ನಚಿಕೇತನಿಗೆ ತಳಮಳವಾಗುತ್ತದೆ. ಒಂದು ಸಂಜೆ ಅಮ್ಮನಿಗೆ ಈ ಕಥೆ ಹೇಳಿದೆ. "ಆ ಹಸು ಹಿಡ್ಕೊಂಡು ಹೋದೋರು ಏನ್ ಮಾಡಿದ್ರಂತೆ? ಮೇವು ಹಾಕ್ಬೇಕಲ್ಲ" ಅಂದಳು. ಉಪನಿಷತ್ತು ನಚಿಕೇತನ ಹಿಂದೆ ಯಮನ ಮನೆಗೆ ಹೋಗುತ್ತದೆ, ಹಸು ಹಿಡಿದವರ ಮನೆಗೆ ಹೋಗುವುದಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯವೂ ದಾನವನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವಾಗ ಕೊಡುವವನ ಮನಸ್ಸನ್ನೇ ಹೆಚ್ಚು ನೋಡುತ್ತದೆ. ದೇಶ, ಕಾಲ, ಪಾತ್ರ ನೋಡಿ ಕೊಡಬೇಕು ನಿಜ. ಆದರೆ ಪಾತ್ರನಾದವನ ಹೊಟ್ಟೆಯಲ್ಲಿ ಅದು ಏನು ಮಾಡುತ್ತದೆ ಎಂಬ ಪ್ರಶ್ನೆ ಅಲ್ಲಿಲ್ಲ. ಒಲ್ಲೆ ಎನ್ನುವ ಹಕ್ಕನ್ನು ಶಾಸ್ತ್ರ ಪುರೋಹಿತನಿಗೆ ಕೊಟ್ಟಿತ್ತು. ಹಿಡಿಯುವವನು ಒಪ್ಪದೆ ದಾನ ಪೂರ್ತಿಯಾಗುವುದಿಲ್ಲ ಎಂದೂ ಧರ್ಮಶಾಸ್ತ್ರಕಾರರು ವಾದಿಸಿದರು. ಆ ಸೂಕ್ಷ್ಮ ಮುಸುರೆ ತಿಕ್ಕುವವಳ ತನಕ ಇಳಿದು ಬರಲೇ ಇಲ್ಲ. ಒಲ್ಲೆ ಎನ್ನಲಾಗದವಳ ಕೈಗಿಟ್ಟದ್ದು ದಾನವಲ್ಲ ಎಂದೇ ನನ್ನ ಮತ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಗಾದೆ ಅಣಕಿಸುತ್ತದೆ. ಹಾಕಲಿ ಬಿಡಿ. ಮೊನ್ನೆ ಆಶಾ ಕಾರ್ಯಕರ್ತೆ ಟೇಪು ಹಿಡಿದು ಕ್ವಾರ್ಟರ್ಸಿಗೆ ಬಂದಿದ್ದಳು. ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದಂತೆ. ಅಮ್ಮನ ಸೊಂಟ 94. "ಇದ್ರಾಗೆ ಎಷ್ಟು ನಮ್ಮನೇದು, ಎಷ್ಟು ಅವ್ರ ಮನೇದು ಅಂತ ಬರ್ಕೋ" ಅಂದಳು ಅಮ್ಮ. ಆ ಹುಡುಗಿ ಬರೆದುಕೊಳ್ಳಲಿಲ್ಲ, ಫಾರಂನಲ್ಲಿ ಜಾಗವಿರಲಿಲ್ಲ.

ಈ ದೀಪಾವಳಿಗೆ ಅಮ್ಮ ಧೈರ್ಯ ಮಾಡಿ ಎರಡು ಮನೆಗಳಲ್ಲಿ, ಸಿಹಿ ಬದಲು ತೊಗರಿಬೇಳೆ ಕೊಡಿ ಅಂತ ಕೇಳಿದಳು. ಒಬ್ಬರು ಕೊಟ್ಟರು. ಇನ್ನೊಬ್ಬರು ಮುಖ ಸಣ್ಣಗೆ ಮಾಡಿಕೊಂಡು ಡಬ್ಬಿ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅಮ್ಮನಿಗೆ ಆ ಮನೆಯೇ ಈಗ ವಾಸಿ ಅನಿಸಿದೆ. ಸಂಬಳ ಜಾಸ್ತಿ ಮಾಡಿ ಅನ್ನಲು ಅಲ್ಲಿ ದಾಕ್ಷಿಣ್ಯವಿಲ್ಲ.