ನಿಂತರೆ ದಿಕ್ಕು ಮರೆಯುವ ಮುಳ್ಳು

ಪುಣೆಯ ಕೊಂಢವಾದಿಂದ ಬೋಪ್‌ದೇವ್ ಘಾಟಿನ ಕಡೆ ಹೊರಟರೆ, ಅಪಾರ್ಟ್‌ಮೆಂಟುಗಳ ಸಾಲು ತೆಳ್ಳಗಾಗುತ್ತ ಬಂದು ಗುಡ್ಡಗಳು ಶುರುವಾಗುತ್ತವೆ. ಯಾರೋ ಬಳಸಿ ಮಾರಿದ ಹಳದಿ ಬಣ್ಣದ ಹಳೆಯ ಗಾರ್ಮಿನ್ ಇಟ್ರೆಕ್ಸ್ ಎಂಬ ಜಿಪಿಎಸ್ ಯಂತ್ರ ಹಿಡಿದು ಅಲ್ಲಿ ನಿಂತವರಿಗೆ ಒಂದು ತಮಾಷೆ ಎದುರಾಗಬಹುದು. ಉತ್ತರಕ್ಕೆ 18 ಡಿಗ್ರಿ ಚಿಲ್ಲರೆ, ಪೂರ್ವಕ್ಕೆ 73 ಡಿಗ್ರಿ ಚಿಲ್ಲರೆ ಎಂದು ಜಾಗವನ್ನು ಅದು ಹತ್ತು-ಹದಿನೈದು ಮೀಟರಿನ ಆಚೀಚೆಯಲ್ಲಿ ಸರಿಯಾಗಿಯೇ ಹೇಳುತ್ತದೆ. ತಾರೀಕು ಮಾತ್ರ ಹತ್ತೊಂಬತ್ತೂವರೆ ವರ್ಷ ಹಿಂದಿನದು.

ಕೆಟ್ಟುಹೋದ ಯಂತ್ರವೇನಲ್ಲ ಅದು. ಜಿಪಿಎಸ್ ಉಪಗ್ರಹಗಳ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 0ಯಿಂದ 1023ರವರೆಗೆ ಹೋಗಿ ಮತ್ತೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗೆ ಮರಳಿತು. ಇದು ಎಷ್ಟನೆಯ ಸುತ್ತು ಎಂಬುದನ್ನು ಯಂತ್ರವೇ ಊಹಿಸಿಕೊಳ್ಳಬೇಕು. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಅದು ಆಗುವುದಿಲ್ಲ. ಪ್ರಭವದಿಂದ ಅಕ್ಷಯದ ತನಕ ಅರವತ್ತು ಎಣಿಸಿ ಮತ್ತೆ ಪ್ರಭವಕ್ಕೇ ಬರುವ ನಮ್ಮ ಸಂವತ್ಸರಗಳದ್ದೂ ಇದೇ ಕಥೆ. ಶಾಸನದಲ್ಲಿ ಶಕವರ್ಷ ಅಳಿಸಿಹೋಗಿ ಸಂವತ್ಸರದ ಹೆಸರೊಂದೇ ಉಳಿದಾಗ ಇತಿಹಾಸಕಾರರು ಪಡುವ ಪಾಡನ್ನೇ ಈ ಹಳದಿ ಡಬ್ಬಿಯೂ ಪಡುತ್ತಿದೆ. ಜಾಗ ಹೇಳಲು ಅದಕ್ಕೆ ಇಸವಿ ಬೇಕಿಲ್ಲ. ನಾಲ್ಕು ಉಪಗ್ರಹಗಳ ಸಂಕೇತ ಬಂದು ಮುಟ್ಟಿದ ಹೊತ್ತಿನ ವ್ಯತ್ಯಾಸ ಗೊತ್ತಾದರೆ ಸಾಕು. ಅಲ್ಲಿ ಮಾತ್ರ ಒಂದು ನ್ಯಾನೊಸೆಕೆಂಡ್ ತಪ್ಪಿದರೂ ಲೆಕ್ಕ ಸುಮಾರು 30 ಸೆಂಟಿಮೀಟರ್ ಜಾರುತ್ತದೆ.

ಇಂಥ ಯಂತ್ರ ಹಿಡಿದು ಆಡುವ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಇಲ್ಲಿ ಕ್ಯಾಶ್ ಎಂದರೆ ದುಡ್ಡಲ್ಲ, ಬಚ್ಚಿಟ್ಟ ವಸ್ತು. ನಾಗರಿಕರ ಜಿಪಿಎಸ್ ಬೇಕೆಂದೇ ತಪ್ಪು ತೋರಿಸುವಂತೆ ಮಾಡಿದ್ದ ವ್ಯವಸ್ಥೆಯನ್ನು ಅಮೆರಿಕ 2000ದ ಮೇ ಆರಂಭದಲ್ಲಿ ಕೈಬಿಟ್ಟಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಒರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಜಗತ್ತಿಗೆ ಸಾರಿದ. ಈಗ ಆಟ ಲೋಕವ್ಯಾಪಿ. ಅಂಕಿಗಳನ್ನು ಹಿಡಿದು ಹೋಗಬೇಕು, ಡಬ್ಬಿ ಹುಡುಕಬೇಕು, ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಇದ್ದಲ್ಲಿಯೇ ಇಟ್ಟು ಬರಬೇಕು. ನೆಲ ಅಗೆದು ಹೂಳುವಂತಿಲ್ಲ.

ಆ ಕಾಲದ ಹಳದಿ ಇಟ್ರೆಕ್ಸ್‌ನ ನಿಜವಾದ ಸ್ವಾರಸ್ಯ ಅದರ ಬಾಣದ ಮುಳ್ಳಿನಲ್ಲಿದೆ. ಅದರೊಳಗೆ ದಿಕ್ಸೂಚಿ ಇಲ್ಲ. ಗುರಿ ಎತ್ತ ಇದೆಯೆಂದು ಮುಳ್ಳು ತೋರಿಸಬೇಕಾದರೆ ಹಿಡಿದವರು ನಡೆಯುತ್ತಿರಬೇಕು. ಆ ಚಲನೆಯಿಂದಲೇ ಯಂತ್ರಕ್ಕೆ ಮುಂದು ಯಾವುದು, ಹಿಂದು ಯಾವುದು ಎಂದು ತಿಳಿಯುವುದು. ನಿಂತರೆ ಮುಳ್ಳಿಗೆ ಮಂಕು ಕವಿಯುತ್ತದೆ, ಸುಮ್ಮನೆ ಅತ್ತಿತ್ತ ತಿರುಗುತ್ತದೆ. ಹೊಸದಾಗಿ ಕೊಂಡವರು ಯಂತ್ರ ಹಾಳಾಗಿದೆ ಎಂದುಕೊಳ್ಳುತ್ತಾರೆ. ನಾಲ್ಕು ಹೆಜ್ಜೆ ಹಾಕಿದರೆ ಸರಿಹೋಗುತ್ತದೆ.

ಹಾಗಾದರೆ ದಿಕ್ಕು ಎಂಬುದು ಇರುವುದೆಲ್ಲಿ? ನೆಲದಲ್ಲೋ, ನಡೆಯುವವರಲ್ಲೋ? ಈ ಪ್ರಶ್ನೆಯನ್ನು ವೈಶೇಷಿಕ ದರ್ಶನದವರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಅವರ ಒಂಬತ್ತು ದ್ರವ್ಯಗಳಲ್ಲಿ ಕಾಲವೂ ಒಂದು, ದಿಕ್ಕೂ ಒಂದು. ದಿಕ್ಕು ಕಣ್ಣಿಗೆ ಕಾಣದು. ಇದು ಹತ್ತಿರ, ಅದು ದೂರ ಎಂಬ ಅರಿವಿನಿಂದ ಊಹಿಸಬೇಕಾದ್ದು. ಅದು ಒಂದೇ, ಅಖಂಡ. ಮೂಡಣ ಪಡುವಣ ಎಂಬ ಭೇದಗಳು ಸೂರ್ಯನ ಸಂಬಂಧದಿಂದ ಬಂದ ಉಪಾಧಿಗಳಷ್ಟೇ. ಮಾಧ್ವರು ಇದನ್ನು ಒಪ್ಪಲಿಲ್ಲ. ಅವಕಾಶವೆಂಬ ಅವ್ಯಾಕೃತಾಕಾಶ ಅವರ ಪಾಲಿಗೆ ಊಹೆಯಲ್ಲ, ಒಳಗಿರುವ ಸಾಕ್ಷಿಗೆ ನೇರವಾಗಿ ಗೋಚರಿಸುವಂಥದ್ದು, ಕಾಲವೂ ಹಾಗೆಯೇ. ಕಣ್ಣು ಮುಚ್ಚಿ ಕುಳಿತವನಿಗೂ ತಾನೊಂದು ವಿಸ್ತಾರದ ನಡುವೆ ಇದ್ದೇನೆಂದು ಗೊತ್ತಿರುತ್ತದಲ್ಲ. ಇಟ್ರೆಕ್ಸ್ ಪಕ್ಕಾ ವೈಶೇಷಿಕ: ಅದಕ್ಕೆ ಎಲ್ಲವೂ ಅನುಮಾನ, ಎಂದರೆ ಊಹೆ; ಸಾಕ್ಷಿ ಎಂಬುದೇ ಇಲ್ಲ. ಆದ್ದರಿಂದಲೇ ಅದು ನಿಂತಾಗ ಕಂಗೆಡುತ್ತದೆ, ಹಿಡಿದ ಮನುಷ್ಯ ಕಂಗೆಡುವುದಿಲ್ಲ.

ಮಾಧ್ವರ ಪರವಾಗಿ, ವೈಶೇಷಿಕರ ಬಳಗದವರೇ ಆದ ನೈಯಾಯಿಕರೊಡನೆ ಬಿಗಿಯಾದ ವಾದ ಹೂಡಿದವರು ‘ತರ್ಕತಾಂಡವ’ದ ಕರ್ತೃ ವ್ಯಾಸತೀರ್ಥರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ, ಒಂಬತ್ತು ಯತಿಗಳ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. 2019ರ ಜುಲೈನಲ್ಲಿ, ಉಪಗ್ರಹಗಳ ವಾರದೆಣಿಕೆ ಸೊನ್ನೆಗೆ ಮರಳಿದ ಮೂರು ತಿಂಗಳಿಗೆ, ನಿಧಿಗಳ್ಳರು ಅದನ್ನು ಒಡೆದುಹಾಕಿದರು. ಭಕ್ತರೂ ಮಠಾಧೀಶರೂ ಬೇಗನೆ ಮತ್ತೆ ಕಟ್ಟಿದರು. ಹಳೆಯ ಗುಡಿಗಳ ಗರ್ಭಗೃಹ ಅಗೆಯುವ ಈ ಜಾತಿಯ ಕಳ್ಳರು ಕರ್ನಾಟಕಕ್ಕೆ ಹೊಸಬರಲ್ಲ. ಅವರಲ್ಲೂ ಒಂದು ಬಗೆಯ ನಂಬಿಕೆ ಇದೆ ಎನ್ನುವುದೇ ಕಸಿವಿಸಿಯ ಸಂಗತಿ. ಆ ಜಾಗದಲ್ಲಿ ಏನೋ ಇದೆ ಎಂದು ಭಕ್ತನೂ ನಂಬುತ್ತಾನೆ, ಕಳ್ಳನೂ ನಂಬುತ್ತಾನೆ. ಭಕ್ತ ಪ್ರದಕ್ಷಿಣೆ ಹಾಕುತ್ತಾನೆ, ಎಂದರೆ ನಡೆಯುತ್ತಾನೆ. ಕಳ್ಳ ನಿಂತಲ್ಲೇ ಅಗೆಯುತ್ತಾನೆ. ಅಗೆಯಬೇಡಿ, ಒಯ್ಯಬೇಡಿ ಎನ್ನುವ ಜಿಯೋಕ್ಯಾಶಿಂಗ್ ಈ ಲೆಕ್ಕದಲ್ಲಿ, ಆಟವೇ ಆದರೂ, ಪ್ರದಕ್ಷಿಣೆಯ ಪಕ್ಷದ್ದು.

ಮತ್ತೆ ಕೊಂಢವಾದ ಕಡೆಗೆ ಬಂದರೆ, ಅಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಅಲ್ಲಿನ ಯಾವ ಮಸೀದಿಯಲ್ಲಿ ನಿಂತರೂ ಕಿಬ್ಲಾ, ಎಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ನೇರ ಪಡುವಣಕ್ಕಿಲ್ಲ, ಹನ್ನೊಂದು ಡಿಗ್ರಿಯಷ್ಟು ಉತ್ತರಕ್ಕೆ ವಾಲಿದೆ. ಇಟ್ರೆಕ್ಸ್‌ಗೆ ಮೆಕ್ಕಾದ ಅಕ್ಷಾಂಶ ರೇಖಾಂಶ ಕೊಟ್ಟರೆ ಅದರ ಮುಳ್ಳೂ ತೋರಿಸುತ್ತದೆ, ನಡೆದರೆ ಮಾತ್ರ. ನಮಾಜಿಗೆ ನಿಂತವರು ನಡೆಯುವ ಹಾಗಿಲ್ಲವಲ್ಲ! ಧರ್ಮಶಾಸ್ತ್ರಜ್ಞರು ಈ ಇಕ್ಕಟ್ಟನ್ನು ಯಂತ್ರ ಹುಟ್ಟುವ ಎಷ್ಟೋ ಮೊದಲೇ ಯೋಚಿಸಿದ್ದರು. ದಿಕ್ಕು ತಿಳಿಯದ ಊರಿನಲ್ಲಿ ಪ್ರಾಮಾಣಿಕವಾಗಿ ವಿಚಾರಿಸಿ ಒಂದು ಕಡೆ ಮುಖ ಮಾಡಿದವನ ನಮಾಜು, ದಿಕ್ಕು ತಪ್ಪಿತ್ತೆಂದು ಆಮೇಲೆ ಗೊತ್ತಾದರೂ ಸಲ್ಲುತ್ತದೆ ಎಂದು ಹನಫಿ ಪಂಥ ಹೇಳುತ್ತದೆ. ಸವಾರಿಯ ಮೇಲಿರುವ ಪ್ರಯಾಣಿಕ ಐಚ್ಛಿಕ ನಮಾಜನ್ನು ಒಂಟೆ ಹೊರಟ ದಿಕ್ಕಿಗೇ ಮಾಡಬಹುದು. ಶರಣರು ಸ್ಥಾವರ ಜಂಗಮಗಳ ನಡುವೆ ಜಂಗಮವನ್ನು ಆರಿಸಿಕೊಂಡದ್ದು ಬೇರೆ ಕಾರಣಕ್ಕೆ ನಿಜ. ಆದರೂ ಈ ಒಂಟೆ ಸವಾರನನ್ನು ಕಂಡಿದ್ದರೆ ಅವರು ಕರೆದು ಮಾತಾಡಿಸುತ್ತಿದ್ದರೇನೋ.

ಕೈ ಬದಲಾದ ಯಂತ್ರದಲ್ಲಿ ಇನ್ನೊಂದು ವಿಶೇಷವಿದೆ. ಮಾರಿದವರು ಅಳಿಸದಿದ್ದರೆ ಅವರು ಗುರುತು ಹಾಕಿಕೊಂಡ ಜಾಗಗಳೆಲ್ಲ ಹಾಗೇ ಉಳಿದಿರುತ್ತವೆ. ಒಟ್ಟು 500 ಜಾಗಗಳಿಗೆ ಅವಕಾಶ, ಪ್ರತಿಯೊಂದಕ್ಕೂ ಆರೇ ಅಕ್ಷರದ ಹೆಸರು. ಪೂರ್ವಜನ್ಮದ ವಾಸನೆ ಎಂದರೆ ಇಂಥದ್ದೇ ಏನೋ: ಹೆಸರು ಅರ್ಧ, ಸಂದರ್ಭ ಮಾಯ, ಎಳೆತ ಮಾತ್ರ ಇದೆ. ಹೊಸ ಒಡೆಯರಲ್ಲಿ ಕೆಲವರು ಅವನ್ನು ಒಂದೇಟಿಗೆ ಅಳಿಸುತ್ತಾರೆ. ಕೆಲವರಿಗೆ ಮನಸ್ಸು ಬರುವುದಿಲ್ಲ.

ಗುಡ್ಡದ ಮೇಲೆ ಹೀಗೆ ಕಲ್ಲು ಸರಿಸಿ, ಬಗ್ಗಿ, ಎದ್ದು ಸುಳಿದಾಡುವವರನ್ನು ಕಂಡರೆ ದನ ಮೇಯಿಸುವವರು ಸುಮ್ಮನೆ ದಾಟಿಹೋಗುವುದುಂಟೇ? “ಕಾಯ್ ಶೋಧತಾಯ್?” ಎಂದು ಮರಾಠಿಯಲ್ಲಿ ಕೇಳಿಯೇ ಕೇಳುತ್ತಾರೆ. ಏನು ಹುಡುಕುತ್ತಿದ್ದೀರಿ? ಡಬ್ಬಿಯ ಗುಟ್ಟು ಬಿಡುವಂತಿಲ್ಲವೆಂಬುದು ಆಟದ ರೂಢಿ. ನಿಧಿ ಎಂದರಂತೂ ಊರೇ ಸೇರೀತು. ಉತ್ತರಕ್ಕಾಗಿ ತಡಕಾಡುತ್ತ ನಿಂತಷ್ಟು ಹೊತ್ತೂ ಕೈಯಲ್ಲಿನ ಮುಳ್ಳು ಸುತ್ತುತ್ತಲೇ ಇರುತ್ತದೆ. ಕೊನೆಗೆ ಡಬ್ಬಿ ಸಿಕ್ಕಿ ಪುಸ್ತಕ ತೆರೆದಾಗ ತಾರೀಕು ಬರೆಯಬೇಕು. ಯಂತ್ರವನ್ನು ನಂಬುವಂತಿಲ್ಲ, ದನದವರನ್ನೇ ಕೂಗಿ ಕೇಳಬೇಕು.